ಗಸಗಸೆಯ ಹಾಲು, ಸಾವಿನ ಲೆಕ್ಕ

ಹಬ್ಬದ ದಿನ ಗಸಗಸೆ ಪಾಯಸ ಉಂಡು ಮಧ್ಯಾಹ್ನ ಗಡದ್ದಾಗಿ ನಿದ್ದೆ ತೆಗೆಯುವುದು ಕನ್ನಡ ನಾಡಿನ ಮನೆಗಳಲ್ಲಿ ಹೊಸತೇನಲ್ಲ. ಆ ನಿದ್ದೆಗೆ ಗಸಗಸೆ ಎಷ್ಟು ಕಾರಣ, ಹೊಟ್ಟೆ ಬಿರಿಯುವ ಊಟ ಎಷ್ಟು ಕಾರಣ ಎಂಬುದು ಬೇರೆ ಮಾತು. ಗಸಗಸೆ ಬೀಜದಲ್ಲಿ ಮತ್ತು ಬರಿಸುವ ಅಂಶ ಇರುವುದು ನಾಮಮಾತ್ರಕ್ಕೆ. ಆದರೆ ಅದೇ ಗಿಡದ ಎಳೆಯ ಕಾಯನ್ನು ಚೂಪಾದ ಅಲಗಿನಿಂದ ಗೀರಿದಾಗ ಒಸರುವ ಹಾಲು ಗಾಳಿಗೆ ಗಟ್ಟಿಯಾದರೆ ಅಫೀಮು. ನೋವನ್ನು ಮರೆಸುವ ಶಕ್ತಿಯಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಗಿಡವನ್ನು ಮನುಷ್ಯ ಕಂಡಿಲ್ಲ. ಚಟ ಹಿಡಿಸುವ ಶಕ್ತಿಯೂ ಇದಕ್ಕೆ ಅಷ್ಟೇ ಉಂಟು.

ಅಫೀಮಿನಿಂದ ಮಾರ್ಫೀನ್ ಬಂತು. ಮಾರ್ಫೀನ್‌ನಿಂದ ತಯಾರಾದ ಹೆರಾಯಿನ್ 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹೊಸ ಔಷಧಿಯಾಗಿ ಮಾರುಕಟ್ಟೆಗೆ ಇಳಿಯಿತು. ಆಮೇಲೆ ಆಕ್ಸಿಕೋಡೋನ್, ಹೈಡ್ರೋಕೋಡೋನ್ ಬಂದವು. ಗಸಗಸೆ ಗಿಡದ ಹಂಗೇ ಇಲ್ಲದೆ ಪ್ರಯೋಗಾಲಯದಲ್ಲಿ ಹುಟ್ಟಿದ ಫೆಂಟನಿಲ್ ಕೂಡ ಬಂತು. ಈ ಇಡೀ ಕುಲಕ್ಕೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಒಪಿಯಾಯ್ಡ್. ಇವೆಲ್ಲ ಕೊಲ್ಲುವ ಬಗೆ ಒಂದೇ. ಮಿತಿ ಮೀರಿದಾಗ ಉಸಿರಾಟವನ್ನು ನಡೆಸುವ ಮೆದುಳಿನ ಭಾಗ ಮಂಕಾಗುತ್ತದೆ. ಉಸಿರು ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ. ಪಕ್ಕದಲ್ಲಿದ್ದವರಿಗೆ ಆತ ಮಲಗಿ ಗೊರಕೆ ಹೊಡೆಯುತ್ತಿರುವಂತೆ ಕಾಣುತ್ತದೆ. ಗಾಯವಿಲ್ಲ, ರಕ್ತವಿಲ್ಲ, ಚೀರಾಟವಿಲ್ಲ. ನಿದ್ದೆಯ ವೇಷದಲ್ಲಿ ಬರುವ ಈ ಸಾವನ್ನು ಸಾವೆಂದು ಗುರುತಿಸಬಹುದು, ಆದರೆ ಅದರ ಕಾರಣವನ್ನು ಗುರುತಿಸುವುದು ಸುಲಭವಲ್ಲ.

ಅಫೀಮಿನ ಇತಿಹಾಸವೆಂದರೆ ಸಾಮಾನ್ಯವಾಗಿ ಚೀನಾದ ಮೇಲಿನ ಯುದ್ಧಗಳು, ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ, ಕಳ್ಳಸಾಗಣೆಯ ಜಾಲಗಳ ಕಥೆ. ಅದರ ಜತೆಗೇ ಸಾಗಿಬಂದ, ಆದರೆ ಹೆಚ್ಚು ಪ್ರಚಾರ ಪಡೆಯದ ಇನ್ನೊಂದು ಇತಿಹಾಸವಿದೆ. ಅದು ಲೆಕ್ಕದ ಪುಸ್ತಕಗಳ ಇತಿಹಾಸ. ಯಾರು ಸತ್ತರು, ಯಾವುದರಿಂದ ಸತ್ತರು, ಅದನ್ನು ಯಾರು ಬರೆದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗ ಸಮಾಜ ಎಚ್ಚೆತ್ತುಕೊಂಡಿದೆ. ಸಿಗದೆ ಹೋದಾಗ ಸಾವಿರಾರು ಸಾವುಗಳು ಯಾರ ಕಣ್ಣಿಗೂ ಬೀಳದೆ ಕಳೆದುಹೋಗಿವೆ.

ತೊಟ್ಟಿಲಿನ ಮದ್ದು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮರಣಗಳನ್ನು ಸರ್ಕಾರವೇ ನೋಂದಾಯಿಸುವ ವ್ಯವಸ್ಥೆ 1837ರ ಜುಲೈ 1ರಂದು ಜಾರಿಗೆ ಬಂತು. ಅದಕ್ಕಾಗಿ ಸ್ಥಾಪನೆಯಾದ ಲಂಡನ್ನಿನ ಕಚೇರಿಗೆ ಕೆಲವೇ ವರ್ಷಗಳಲ್ಲಿ ವಿಲಿಯಂ ಫಾರ್ ಎಂಬ ವೈದ್ಯ ಬಂದು ಸೇರಿದ. ಬಡ ಕೂಲಿಕಾರನ ಮಗನಾಗಿ ಹುಟ್ಟಿದ ಈತ ಸುಮಾರು ನಾಲ್ಕು ದಶಕಗಳ ಕಾಲ ದೇಶದ ಸಾವುಗಳ ಲೆಕ್ಕ ಇಟ್ಟ. ಒಂದೇ ರೋಗಕ್ಕೆ ಒಬ್ಬ ವೈದ್ಯ ಒಂದು ಹೆಸರು ಬರೆದರೆ ಇನ್ನೊಬ್ಬ ಬೇರೆಯೇ ಹೆಸರು ಬರೆಯುತ್ತಾನೆ, ಹೀಗಾದರೆ ಎಣಿಸಿ ಪ್ರಯೋಜನವೇನು ಎಂಬುದು ಆತನ ಮೊದಲ ವರದಿಯ ತಕರಾರು. ಸಾವಿನ ಕಾರಣಗಳಿಗೆ ಒಂದು ಸಮಾನ ಪಟ್ಟಿ ಬೇಕೆಂದು ಫಾರ್ ಹಠ ಹಿಡಿದ. ಇಂದು ಜಗತ್ತಿನ ಎಲ್ಲ ದೇಶಗಳು ಬಳಸುವ ಅಂತರರಾಷ್ಟ್ರೀಯ ರೋಗ ವರ್ಗೀಕರಣಕ್ಕೆ ಬುನಾದಿ ಬಿದ್ದದ್ದು ಅಲ್ಲಿ.

ಆ ಕಾಲದ ಇಂಗ್ಲೆಂಡಿನಲ್ಲಿ ಅಫೀಮು ಕಿರಾಣಿ ಅಂಗಡಿಯ ಸರಕು. ಸೋಪು, ಸಕ್ಕರೆ, ಮೇಣದಬತ್ತಿಗಳ ಜತೆಗೆ ಯಾರು ಬೇಕಾದರೂ ಕೊಳ್ಳಬಹುದಾಗಿತ್ತು. ಮದ್ಯಸಾರದಲ್ಲಿ ಕರಗಿಸಿದ ಅಫೀಮಿಗೆ ಲಾಡನಂ ಎಂದು ಹೆಸರು. ಕೆಮ್ಮು, ಭೇದಿ, ಹಲ್ಲುನೋವು, ನಿದ್ರಾಹೀನತೆ ಎಲ್ಲಕ್ಕೂ ಅದೇ ಮದ್ದು. ಕೈಗೂಸುಗಳಿಗೆಂದೇ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಸಿಹಿ ಪಾಕವಿತ್ತು. ಕಾಕಂಬಿಯಲ್ಲಿ ಅಫೀಮು ಬೆರೆಸಿ, ಪರಿಮಳ ಸೇರಿಸಿ ಮಾಡುತ್ತಿದ್ದ ಈ ಪಾಕ ಅಂಗಡಿಯಿಂದ ಅಂಗಡಿಗೆ ಬೇರೆ ಹದದಲ್ಲಿರುತ್ತಿತ್ತು. ಒಂದು ಅಂಗಡಿಯ ಒಂದು ಚಮಚ ಮಗುವನ್ನು ಮಲಗಿಸಿದರೆ, ಇನ್ನೊಂದು ಅಂಗಡಿಯ ಅದೇ ಒಂದು ಚಮಚ ಮಗುವನ್ನು ಏಳದಂತೆ ಮಾಡುತ್ತಿತ್ತು.

ಗಿರಣಿಯಲ್ಲಿ ಹನ್ನೆರಡು ಗಂಟೆ ದುಡಿಯುವ ತಾಯಿ ಮಗುವನ್ನು ಪಕ್ಕದ ಮನೆಯ ಮುದುಕಿಯ ಕೈಗಿಟ್ಟು ಹೋಗುತ್ತಿದ್ದಳು. ಆ ಮುದುಕಿ ಐದಾರು ಕೂಸುಗಳನ್ನು ಸಂಭಾಳಿಸಬೇಕು. ಪಾಕದ ಬಾಟಲಿ ಅವಳ ಬಲಗೈ. ಅಫೀಮು ಕುಡಿದ ಕೂಸಿಗೆ ಹಸಿವೆಯ ಅರಿವೇ ಇರುವುದಿಲ್ಲ. ಅಳುವುದಿಲ್ಲ, ಹಾಲು ಬೇಡುವುದಿಲ್ಲ, ದಿನದಿನಕ್ಕೆ ಸೊರಗಿ ಹೋಗುತ್ತದೆ. ಹಾಗೆ ಸತ್ತ ಮಗುವಿನ ಹೆಸರಿನ ಮುಂದೆ ನೋಂದಣಿ ಪುಸ್ತಕದಲ್ಲಿ ಬೀಳುತ್ತಿದ್ದುದು ನಿಶ್ಶಕ್ತಿ, ಸೆಳೆತ, ಎದೆಹಾಲಿನ ಕೊರತೆ ಎಂಬ ಪದಗಳು. ಅಫೀಮು ಎಂಬ ಪದ ಬೀಳುತ್ತಿದ್ದುದು ಒಮ್ಮೆಲೇ ಹೆಚ್ಚು ಕುಡಿಸಿ ಮಗು ಸತ್ತಾಗ ಮಾತ್ರ. ಅಂದರೆ ಎಣಿಕೆಗೆ ಸಿಕ್ಕಿದ್ದು ಕೆರೆಯ ನೀರಿನಲ್ಲಿ ಒಂದು ಕೊಡ.

ಆ ಒಂದು ಕೊಡವೇ ಸರ್ಕಾರವನ್ನು ಗಾಬರಿಗೊಳಿಸಿತು. 1860ರ ದಶಕದಲ್ಲಿ ವಿಷಪ್ರಾಶನದಿಂದ ಸತ್ತವರೆಂದು ದಾಖಲಾದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಅಫೀಮಿನ ಪಾಲಾಗಿತ್ತು. ಸರ್ಕಾರದ ಪ್ರಧಾನ ವೈದ್ಯಾಧಿಕಾರಿ ಜಾನ್ ಸೈಮನ್, ಶಿಶುಮರಣದ ಕಾರಣ ಹುಡುಕಲು ಹೆನ್ರಿ ಜೂಲಿಯನ್ ಹಂಟರ್ ಎಂಬ ವೈದ್ಯನನ್ನು ಗ್ರಾಮಾಂತರಕ್ಕೆ ಕಳಿಸಿದ. ಪೂರ್ವ ಇಂಗ್ಲೆಂಡಿನ ಜೌಗು ಪ್ರದೇಶದ ಹಳ್ಳಿಗಳಲ್ಲಿ ಕಾರ್ಖಾನೆ ಇಲ್ಲ, ಹೊಗೆ ಇಲ್ಲ. ಆದರೂ ಕೂಸುಗಳು ಗಿರಣಿ ಪಟ್ಟಣಗಳಷ್ಟೇ ಪ್ರಮಾಣದಲ್ಲಿ ಸಾಯುತ್ತಿದ್ದವು. ಹೆಂಗಸರು ಗುಂಪು ಗುಂಪಾಗಿ ದೂರದ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದುದು, ಮನೆಯಲ್ಲುಳಿದ ಮಕ್ಕಳಿಗೆ ಅಫೀಮಿನ ಪಾಕ ಕುಡಿಸುತ್ತಿದ್ದುದು ಹಂಟರ್ ಕಂಡ ಕಾರಣಗಳು. 1864ರಲ್ಲಿ ಪ್ರಕಟವಾದ ಈ ವರದಿಯನ್ನು ಕಾರ್ಲ್ ಮಾರ್ಕ್ಸ್ ತನ್ನ ‘ಕ್ಯಾಪಿಟಲ್’ ಗ್ರಂಥದಲ್ಲಿ ಬಳಸಿಕೊಂಡ.

1868ರಲ್ಲಿ ಬಂದ ಔಷಧಿ ಮಾರಾಟ ಕಾಯಿದೆ ಅಫೀಮನ್ನು ನಿಷೇಧಿಸಲಿಲ್ಲ. ನೋಂದಾಯಿತ ಔಷಧಿ ವ್ಯಾಪಾರಿಗಳು ಮಾತ್ರ ಮಾರಬೇಕು, ಬಾಟಲಿಯ ಮೇಲೆ ‘ವಿಷ’ ಎಂಬ ಚೀಟಿ ಅಂಟಿಸಬೇಕು ಎಂದಷ್ಟೇ ಹೇಳಿತು. ಪೇಟೆಂಟ್ ಔಷಧಿಗಳಿಗೆ ಅದರಿಂದಲೂ ವಿನಾಯಿತಿ ಇತ್ತು. ಇಷ್ಟು ಸಡಿಲವಾದ ಕಾಯಿದೆಯೂ ಫಲ ಕೊಟ್ಟಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಅಫೀಮಿನಿಂದಾದ ಸಾವು 1863-67ರ ಅವಧಿಯಲ್ಲಿ ದಶಲಕ್ಷಕ್ಕೆ 20.5 ಇದ್ದದ್ದು 1871ರಲ್ಲಿ 12.7ಕ್ಕೆ ಇಳಿಯಿತು. 1880ರ ದಶಕದಲ್ಲಿ ಆರೇಳಕ್ಕೆ ಬಂತು. ಅಫೀಮಿನ ಸಾವುಗಳನ್ನು ಎಣಿಸಿ, ಆ ಎಣಿಕೆಯ ಬಲದ ಮೇಲೆ ಕಾಯಿದೆ ಮಾಡಿ, ಕಾಯಿದೆ ಫಲಿಸಿತೇ ಎಂದು ಮತ್ತೆ ಎಣಿಸಿ ನೋಡಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ವೈದ್ಯರು ಸಾವಿನ ಕಾರಣವನ್ನು ಬರೆದುಕೊಡುವುದು ಕಡ್ಡಾಯವಾದದ್ದು ಇನ್ನೂ ತಡವಾಗಿ, 1874ರಲ್ಲಿ.

ಚೀಟಿಗಳು, ಕಾರ್ಡುಗಳು

ಅಟ್ಲಾಂಟಿಕ್‌ನ ಆಚೆ ದಡದ ಅಮೆರಿಕದಲ್ಲೂ ಅಫೀಮಿನ ಹಾವಳಿ ಕಡಿಮೆ ಇರಲಿಲ್ಲ. ಆದರೆ ಅಲ್ಲಿ ಇಡೀ ದೇಶದ ಸಾವುಗಳನ್ನು ಒಂದೆಡೆ ಬರೆದಿಡುವ ವ್ಯವಸ್ಥೆ 19ನೇ ಶತಮಾನದಲ್ಲಿ ಇರಲಿಲ್ಲ. ಹಾಗಾಗಿ ಲೆಕ್ಕ ಹುಡುಕಿದವರು ಬೇರೆ ದಾರಿ ಹಿಡಿದರು. 1888ರಲ್ಲಿ ವರ್ಜಿಲ್ ಈಟನ್ ಎಂಬ ಬರಹಗಾರ ಬಾಸ್ಟನ್ ನಗರದ ಔಷಧಿ ಅಂಗಡಿಗಳನ್ನು ಹೊಕ್ಕು ವೈದ್ಯರ ಚೀಟಿಗಳನ್ನು ಜಾಲಾಡಿದ. 10,200 ಚೀಟಿಗಳಲ್ಲಿ 1,481ರಲ್ಲಿ ಅಫೀಮಿನ ಯಾವುದಾದರೊಂದು ರೂಪ ಇತ್ತು. ಅದೇನೂ ಅಷ್ಟು ಹೆಚ್ಚಲ್ಲ ಎನ್ನಬಹುದು. ಆದರೆ ಗಿರಾಕಿಗಳು ಮತ್ತೆ ಮತ್ತೆ ತಂದು ಮದ್ದು ತುಂಬಿಸಿಕೊಂಡ ಚೀಟಿಗಳನ್ನಷ್ಟೇ ಬೇರ್ಪಡಿಸಿದಾಗ, ಅವುಗಳಲ್ಲಿ ನಾಲ್ಕನೆಯ ಮೂರು ಭಾಗಕ್ಕೂ ಹೆಚ್ಚು ಅಫೀಮಿನವೇ ಆಗಿದ್ದವು. ವೈದ್ಯ ಒಮ್ಮೆ ಬರೆದದ್ದನ್ನು ರೋಗಿ ಬಿಡಲಾರದೆ ಹೋಗಿದ್ದ. ಚಟ ಹುಟ್ಟುವುದು ಕತ್ತಲ ಗಲ್ಲಿಗಳಲ್ಲಿ ಮಾತ್ರವಲ್ಲ, ವೈದ್ಯರ ಮೇಜಿನ ಮೇಲೂ ಹುಟ್ಟುತ್ತದೆ ಎಂಬ ಸತ್ಯ ಆ ಚೀಟಿಗಳ ರಾಶಿಯಲ್ಲಿತ್ತು. ನೂರು ವರ್ಷಗಳ ನಂತರ ಅಮೆರಿಕ ಅದನ್ನು ಮರೆತು ಮತ್ತೆ ಕಲಿಯಬೇಕಾಯಿತು.

ಸಾವಿಗೆ ಮುನ್ನವೇ ವಿಷದ ಸುಳಿವು ಹಿಡಿಯುವ ಕೆಲಸ ಶುರುವಾದದ್ದು ಷಿಕಾಗೋ ನಗರದಲ್ಲಿ. ಅಲ್ಲಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದ ಲೂಯಿ ಗ್ಡಾಲ್ಮನ್, ಯಾವ ಪದಾರ್ಥ ನುಂಗಿದರೆ ಏನಾಗುತ್ತದೆ, ಏನು ಮಾಡಬೇಕು ಎಂಬುದನ್ನು ಪುಟ್ಟ ಕಾರ್ಡುಗಳ ಮೇಲೆ ಬರೆದಿಟ್ಟುಕೊಂಡಿದ್ದ. ದೂರದ ವೈದ್ಯರು ಹೊತ್ತಲ್ಲದ ಹೊತ್ತಿನಲ್ಲಿ ದೂರವಾಣಿ ಮಾಡಿದರೂ ಕಾರ್ಡು ತೆಗೆದು ಉತ್ತರ ಹೇಳುತ್ತಿದ್ದ. 1953ರಲ್ಲಿ ಷಿಕಾಗೋದಲ್ಲಿ ಅಮೆರಿಕದ ಮೊದಲ ವಿಷ ನಿಯಂತ್ರಣ ಕೇಂದ್ರ ಸ್ಥಾಪನೆಯಾದಾಗ ಅದರ ಬಂಡವಾಳ ಆ ಕಾರ್ಡುಗಳೇ. ಇಂದು ಆ ದೇಶದಲ್ಲಿ ಇಂಥ 50ಕ್ಕೂ ಹೆಚ್ಚು ಕೇಂದ್ರಗಳಿವೆ. 1983ರಿಂದ ಅವುಗಳ ಕರೆಗಳೆಲ್ಲ ಒಂದೇ ಕಡತಕ್ಕೆ ಸೇರುತ್ತಿವೆ. ವರ್ಷಕ್ಕೆ ಸುಮಾರು 20 ಲಕ್ಷ ಪ್ರಸಂಗಗಳು ಅಲ್ಲಿ ದಾಖಲಾಗುತ್ತವೆ.

ಈ ಕೇಂದ್ರಗಳು ಎಣಿಸುವುದು ಸಾವನ್ನಲ್ಲ, ವಿಷದ ಸಂಪರ್ಕವನ್ನು. ಅಜ್ಜಿಯ ಬೆನ್ನುನೋವಿಗೆಂದು ತಂದ ಮಾತ್ರೆಯನ್ನು ಮೊಮ್ಮಗು ಬಾಯಿಗೆ ಹಾಕಿಕೊಂಡಿತು ಎಂದು ತಾಯಿ ಗಾಬರಿಯಿಂದ ದೂರವಾಣಿ ಮಾಡಿದರೆ ಅದು ಒಂದು ಸಂಪರ್ಕ. ಮಗುವಿಗೆ ಏನೂ ಆಗದಿದ್ದರೂ ಲೆಕ್ಕಕ್ಕೆ ಬರುತ್ತದೆ. ಯಾವ ಮಾತ್ರೆ ಮನೆಮನೆಯನ್ನು ಹೊಕ್ಕಿದೆ ಎಂಬುದಕ್ಕೆ ಇದಕ್ಕಿಂತ ಬೇಗನೆ ಸಿಗುವ ಸುಳಿವು ಬೇರೆ ಇಲ್ಲ. ಆದರೆ ಒಬ್ಬನೇ ಕೋಣೆಯಲ್ಲಿ ಮಲಗಿದ್ದಲ್ಲೇ ಪ್ರಾಣ ಬಿಟ್ಟವನ ಪರವಾಗಿ ಯಾರೂ ದೂರವಾಣಿ ಮಾಡುವುದಿಲ್ಲ. ಆದಕಾರಣ ಕರೆಗಳ ಲೆಕ್ಕ ಒಂದು ಕಣ್ಣಾದರೆ ಮರಣಪತ್ರಗಳ ಲೆಕ್ಕ ಇನ್ನೊಂದು ಕಣ್ಣು. ಒಂದೇ ಕಣ್ಣಲ್ಲಿ ನೋಡಿದರೆ ಆಳ ತಿಳಿಯುವುದಿಲ್ಲ.

ಐದು ವಾಕ್ಯದ ಪತ್ರ

ಅಂಕಿಅಂಶ ಎಚ್ಚರಿಸಬಲ್ಲದು. ತಪ್ಪಾಗಿ ಓದಿದರೆ ಮಲಗಿಸಲೂಬಲ್ಲದು. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯ ವಾಚಕರ ವಾಣಿಯಲ್ಲಿ ಐದೇ ವಾಕ್ಯಗಳ ಪತ್ರವೊಂದು ಅಚ್ಚಾಯಿತು. ಬರೆದವರು ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಆಸ್ಪತ್ರೆಗಳಲ್ಲಿ ಒಮ್ಮೆಯಾದರೂ ಅಫೀಮು ವರ್ಗದ ಮದ್ದು ಪಡೆದ 11,882 ರೋಗಿಗಳಲ್ಲಿ, ಮೊದಲು ಚಟವಿಲ್ಲದಿದ್ದು ಆಮೇಲೆ ಚಟಕ್ಕೆ ಬಿದ್ದವರು ನಾಲ್ಕೇ ಮಂದಿ ಎಂಬುದು ಅದರ ಸಾರ.

ಲೆಕ್ಕ ಸುಳ್ಳಲ್ಲ. ಆದರೆ ಅದು ಆಸ್ಪತ್ರೆಯ ಹಾಸಿಗೆಯ ಮೇಲೆ, ದಾದಿಯರ ಕಣ್ಣೆದುರು ಮದ್ದು ಪಡೆದವರ ಲೆಕ್ಕ. ಮನೆಗೆ ಮಾತ್ರೆಯ ಬಾಟಲಿ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಅದು ಚಕಾರವೆತ್ತಿರಲಿಲ್ಲ. ಮುಂದೆ ವೈದ್ಯರ ಸಭೆಗಳಲ್ಲಿ, ಲೇಖನಗಳಲ್ಲಿ ಈ ಪತ್ರದ ಹೆಸರು ಹೇಳಿ ಚಟದ ಭಯ ಬೇಡವೆಂದು ಸಾರಲಾಯಿತು. 2017ರಲ್ಲಿ ಕೆನಡಾದ ಸಂಶೋಧಕರು ಈ ಪತ್ರ ಎಲ್ಲೆಲ್ಲಿ ಉಲ್ಲೇಖವಾಗಿದೆ ಎಂದು ಹುಡುಕಿದಾಗ 608 ಕಡೆ ಸಿಕ್ಕಿತು. ಅದರಲ್ಲಿ 439 ಲೇಖನಗಳು ಚಟ ಅಪರೂಪ ಎಂಬುದಕ್ಕೆ ಇದನ್ನೇ ಸಾಕ್ಷಿ ಮಾಡಿಕೊಂಡಿದ್ದವು. ಈ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಸಂಗತಿಯನ್ನು ಹೇಳುವ ಗೋಜಿಗೇ ಹೆಚ್ಚಿನವು ಹೋಗಿರಲಿಲ್ಲ.

ಇಂಥ ಹವೆಯಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯ ಆಕ್ಸಿಕಾಂಟಿನ್ ಎಂಬ ಮಾತ್ರೆ 1996ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ವರ್ಷ 4.8 ಕೋಟಿ ಡಾಲರ್ ಇದ್ದ ಅದರ ಮಾರಾಟ 2000ದ ವೇಳೆಗೆ 100 ಕೋಟಿ ಡಾಲರ್ ದಾಟಿತು. ಚಟದ ಅಪಾಯವನ್ನು ಮರೆಮಾಚಿ ಪ್ರಚಾರ ಮಾಡಿದ ಆರೋಪವನ್ನು ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ದಂಡ ತೆತ್ತಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಮರಣಪತ್ರ ಹೇಳಿದ್ದು

ಆ ಹತ್ತು ವರ್ಷಗಳಲ್ಲಿ ಸತ್ತವರನ್ನು ಯಾರೂ ನೋಡಲಿಲ್ಲವೇ? ನೋಡಿದವರಿದ್ದರು. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಕೊಡುವ ಇಲಾಖೆಯ ವೈದ್ಯ ನಿರ್ದೇಶಕ ಗ್ಯಾರಿ ಫ್ರಾಂಕ್ಲಿನ್ ಮತ್ತು ಔಷಧಿ ತಜ್ಞೆ ಜೇಮಿ ಮಾಯ್ 2001ರ ಸುಮಾರಿಗೆ ಒಂದು ವಿಚಿತ್ರವನ್ನು ಗಮನಿಸಿದರು. ಬೆನ್ನು ಉಳುಕಿದವರು, ಮಣಿಕಟ್ಟು ನೋವಿನವರು ಸಾಯುತ್ತಿದ್ದರು. ಬೆನ್ನುನೋವಿನಿಂದ ಯಾರೂ ಸಾಯುವುದಿಲ್ಲ. ಕಡತ ತೆಗೆದು ನೋಡಿದರೆ ಒಬ್ಬೊಬ್ಬರೂ ಭಾರಿ ಪ್ರಮಾಣದ ನೋವಿನ ಮಾತ್ರೆಯ ಮೇಲಿದ್ದರು. 1995ರಿಂದ 2002ರವರೆಗಿನ ಇಂಥ 32 ಸಾವುಗಳ ವಿವರವನ್ನು ಅವರು 2005ರಲ್ಲಿ ಪ್ರಕಟಿಸಿದರು. ಎರಡು ವರ್ಷದ ನಂತರ, ನಿರ್ದಿಷ್ಟ ಪ್ರಮಾಣಕ್ಕಿಂತ ಹೆಚ್ಚು ಕೊಡುವ ಮೊದಲು ತಜ್ಞರ ಸಲಹೆ ಪಡೆಯಬೇಕೆಂದು ಆ ರಾಜ್ಯ ವೈದ್ಯರಿಗೆ ಮಾರ್ಗಸೂಚಿ ಹೊರಡಿಸಿತು.

ಇಡೀ ದೇಶದ ಚಿತ್ರ ಕೊಟ್ಟದ್ದು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ ಲೆನ್ ಪೌಲೋಜಿ. ಆಕಸ್ಮಿಕ ವಿಷಪ್ರಾಶನದ ಸಾವು ಏಕೆ ಏರುತ್ತಿದೆ ಎಂದು ಮರಣಪತ್ರಗಳನ್ನು ಬಗೆದಾಗ, ಮಾದಕ ವಸ್ತುಗಳ ಕುಖ್ಯಾತ ಜೋಡಿಯಾದ ಹೆರಾಯಿನ್ ಮತ್ತು ಕೊಕೇನ್ ಹಿಂದೆ ಬಿದ್ದು, ವೈದ್ಯರು ಬರೆದುಕೊಡುವ ನೋವು ನಿವಾರಕಗಳು ಮುಂದೆ ಬಂದಿದ್ದವು. 1999ರಿಂದ 2002ರ ನಡುವೆ ಇಂಥ ಸಾವು ಶೇಕಡ 91ರಷ್ಟು ಏರಿತ್ತು. 2002ರಲ್ಲಿ 5,528 ಮರಣಪತ್ರಗಳಲ್ಲಿ ಅವುಗಳ ಹೆಸರಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಈ ಅಧ್ಯಯನ ಪ್ರಕಟವಾದದ್ದು 2006ರಲ್ಲಿ. ಮರಣಪತ್ರಗಳು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಕೇಂದ್ರಕ್ಕೆ ಹೋಗಿ, ಸಂಕೇತಕ್ಕೆ ಇಳಿದು, ವಿಶ್ಲೇಷಣೆಯಾಗಿ ಬರುವಷ್ಟರಲ್ಲಿ ನಾಲ್ಕು ವರ್ಷ ಹಿಡಿದಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮರಣಪತ್ರ ತುಂಬುವವರು ಯಾರು ಎಂಬುದೂ ಮುಖ್ಯ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅಸಹಜ ಸಾವಿನ ತನಿಖೆ ನಡೆಸುವುದು ತರಬೇತಾದ ವೈದ್ಯರು. ಇನ್ನು ಕೆಲವು ಕಡೆ ಜನರಿಂದ ಚುನಾಯಿತನಾದ ಕರೋನರ್ ಎಂಬ ಅಧಿಕಾರಿ. ಈತ ವೈದ್ಯನೇ ಆಗಿರಬೇಕೆಂದಿಲ್ಲ. ರಕ್ತಪರೀಕ್ಷೆಗೆ ಹಣ ಬೇಕು. ಹಣವಿಲ್ಲದ ಕಡೆ ‘ಮಾದಕ ವಸ್ತುವಿನ ಮಿತಿಮೀರಿದ ಸೇವನೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಲಾಗುತ್ತಿತ್ತು. 2010ರಲ್ಲಿ ಇಂಥ ಸಾವುಗಳ ಪೈಕಿ ನಾಲ್ಕನೆಯ ಒಂದು ಭಾಗದಲ್ಲಿ ಯಾವ ವಸ್ತು ಎಂಬುದೇ ನಮೂದಾಗಿರಲಿಲ್ಲ. ಹೆಸರಿಲ್ಲದ ಆ ಸಾವುಗಳು ಅಫೀಮಿನ ಲೆಕ್ಕಕ್ಕೂ ಬೀಳಲಿಲ್ಲ, ಬೇರೆ ಯಾವುದರ ಲೆಕ್ಕಕ್ಕೂ ಬೀಳಲಿಲ್ಲ. ನಿಶ್ಶಕ್ತಿ ಎಂದು ಬರೆಸಿಕೊಂಡ ಇಂಗ್ಲೆಂಡಿನ ಕೂಸುಗಳ ಸಾಲಿಗೇ ಸೇರಿದವು.

ಹೆಸರು ಬರೆದರೂ ತೊಡಕು ತಪ್ಪದು. ಹೆರಾಯಿನ್ ದೇಹದೊಳಗೆ ಹೋದ ಕೆಲವೇ ನಿಮಿಷಗಳಲ್ಲಿ ಬದಲಾಗತೊಡಗಿ ಮಾರ್ಫೀನ್ ಆಗುತ್ತದೆ. ರಕ್ತಪರೀಕ್ಷೆಯಲ್ಲಿ ಮಾರ್ಫೀನ್ ಸಿಕ್ಕಿತೆಂದು ಹಾಗೆಯೇ ಬರೆದರೆ ಬೀದಿಯ ಹೆರಾಯಿನ್‌ನಿಂದ ಸತ್ತವನು ವೈದ್ಯರ ಮದ್ದಿನಿಂದ ಸತ್ತವನಾಗುತ್ತಾನೆ. ವರ್ಗೀಕರಣದ ಸಂಕೇತಗಳಲ್ಲೂ ಇಂಥದೇ ಎಡವಟ್ಟು. ಫಾರ್ ಆರಂಭಿಸಿದ ಪಟ್ಟಿಯ ಹತ್ತನೆಯ ಆವೃತ್ತಿಯನ್ನು ಅಮೆರಿಕ ಮರಣಪತ್ರಗಳಿಗೆ 1999ರಿಂದ ಬಳಸತೊಡಗಿತು. ಅದರಲ್ಲಿ ಟಿ40.1 ಎಂದರೆ ಹೆರಾಯಿನ್, ಟಿ40.3 ಎಂದರೆ ಮೆಥಡೋನ್. ಪ್ರಯೋಗಾಲಯದಲ್ಲಿ ತಯಾರಾಗುವ ಉಳಿದವುಗಳಿಗೆಲ್ಲ ಸೇರಿ ಟಿ40.4 ಎಂಬ ಒಂದೇ ಗೂಡು. ಸೌಮ್ಯವಾದ ಟ್ರಮಡಾಲ್ ಮತ್ತು ಮಾರ್ಫೀನ್‌ಗಿಂತ 50ರಿಂದ 100 ಪಟ್ಟು ಪ್ರಬಲವಾದ ಫೆಂಟನಿಲ್ ಎರಡೂ ಆ ಗೂಡಿನಲ್ಲೇ. ಸಂಖ್ಯೆ ಏರುತ್ತಿದ್ದುದು ಕಾಣಿಸಿದರೂ ಏರಿಸುತ್ತಿದ್ದುದು ಯಾವುದೆಂದು ಗೂಡು ಹೇಳುತ್ತಿರಲಿಲ್ಲ.

ಮಾತ್ರೆಗಳ ಲೆಕ್ಕ

ಸಾವಿನ ಲೆಕ್ಕ ಕುಂಟುತ್ತಿದ್ದ ಕಾಲದಲ್ಲೇ ಮಾತ್ರೆಗಳ ಲೆಕ್ಕ ಮಾತ್ರ ಕರಾರುವಾಕ್ಕಾಗಿ ನಡೆದಿತ್ತು. 1970ರ ಕಾಯಿದೆಯ ಪ್ರಕಾರ ಇಂಥ ಮಾತ್ರೆಗಳನ್ನು ತಯಾರಿಸುವವರು, ಹಂಚುವವರು ಪ್ರತಿಯೊಂದು ಸಾಗಣೆಯ ವಿವರವನ್ನೂ ಅಮೆರಿಕದ ಮಾದಕ ವಸ್ತು ಜಾರಿ ಇಲಾಖೆಗೆ ಒಪ್ಪಿಸಲೇಬೇಕು. ಯಾವ ಊರಿನ ಯಾವ ಅಂಗಡಿಗೆ ಎಷ್ಟು ಮಾತ್ರೆ ಹೋಯಿತೆಂಬುದು ಸರ್ಕಾರದ ಗಣಕಯಂತ್ರದಲ್ಲಿತ್ತು. ಹೊರಗಿನವರ ಕೈಗೆ ಸಿಗುತ್ತಿರಲಿಲ್ಲ ಅಷ್ಟೆ.

ಅದನ್ನು ಹೊರಗೆಳೆದವರು ಪತ್ರಕರ್ತರು. ಕಲ್ಲಿದ್ದಲ ಗಣಿಗಳ ಬಡ ರಾಜ್ಯವಾದ ವೆಸ್ಟ್ ವರ್ಜೀನಿಯಾದ ‘ಚಾರ್ಲ್‌ಸ್ಟನ್ ಗೆಜೆಟ್ ಮೇಲ್’ ಎಂಬ ಸಣ್ಣ ಪತ್ರಿಕೆಯ ವರದಿಗಾರ ಎರಿಕ್ ಐರ್, ನ್ಯಾಯಾಲಯದ ಹೋರಾಟದ ನಂತರ ದಾಖಲೆ ಪಡೆದು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಆರು ವರ್ಷಗಳಲ್ಲಿ ಆ ಪುಟ್ಟ ರಾಜ್ಯಕ್ಕೆ ಎರಡು ಬಗೆಯ ನೋವಿನ ಮಾತ್ರೆಗಳು 78 ಕೋಟಿ ಬಂದಿದ್ದವು. ಮಗುವಿನಿಂದ ಮುದುಕರವರೆಗೆ ತಲೆಗೆ 433 ಮಾತ್ರೆ. ಅದೇ ಅವಧಿಯಲ್ಲಿ ಆ ಎರಡು ಮಾತ್ರೆಗಳಿಂದ ಅಲ್ಲಿ ಸತ್ತವರು 1,728 ಮಂದಿ. 392 ಜನರಿದ್ದ ಕರ್ಮಿಟ್ ಎಂಬ ಊರಿನ ಒಂದೇ ಅಂಗಡಿಗೆ ಎರಡು ವರ್ಷದಲ್ಲಿ 90 ಲಕ್ಷದಷ್ಟು ಮಾತ್ರೆ ಹೋಗಿತ್ತು. ಈ ವರದಿಗೆ 2017ರ ಪುಲಿಟ್ಜರ್ ಪ್ರಶಸ್ತಿ ಸಂದಿತು. 2019ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಮತ್ತು ವೆಸ್ಟ್ ವರ್ಜೀನಿಯಾದ ಪತ್ರಿಕಾ ಸಂಸ್ಥೆಯೊಂದು ನ್ಯಾಯಾಲಯದಲ್ಲಿ ಗೆದ್ದು ಇಡೀ ದೇಶದ ದಾಖಲೆಯನ್ನು ಬಿಡುಗಡೆ ಮಾಡಿಸಿದವು. 2006ರಿಂದ 2012ರವರೆಗೆ 7,600 ಕೋಟಿ ಮಾತ್ರೆಗಳು ಹರಿದಿದ್ದವು. ಮೂರು ದೊಡ್ಡ ವಿತರಕ ಕಂಪನಿಗಳು ಮತ್ತು ಒಂದು ತಯಾರಕ ಕಂಪನಿ 2022ರಲ್ಲಿ 2,600 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದ ಮೊಕದ್ದಮೆಗಳಲ್ಲಿ ಇಂಥ ಲೆಕ್ಕಗಳೇ ಮುಖ್ಯ ಸಾಕ್ಷಿಯಾಗಿದ್ದವು.

ವೈದ್ಯರ ಚೀಟಿಗೆ ಕಡಿವಾಣ ಬಿದ್ದಾಗ ಚಟಕ್ಕೆ ಸಿಕ್ಕಿದವರು ಬೀದಿಯ ಕಡೆ ಹೊರಳಿದರು. 2010ರ ನಂತರ ಹೆರಾಯಿನ್ ಸಾವು, 2013ರ ನಂತರ ಕಳ್ಳ ಫೆಂಟನಿಲ್ ಸಾವು ಏರಿತು. 1999ರಲ್ಲಿ ಅಮೆರಿಕದಲ್ಲಿ ಎಲ್ಲ ಬಗೆಯ ಮಾದಕ ವಸ್ತುಗಳಿಂದ ಸತ್ತವರು 16,849. 2017ರಲ್ಲಿ 70,237. 2022ರಲ್ಲಿ 1,07,941. ಇವರಲ್ಲಿ ನಾಲ್ಕನೆಯ ಮೂರು ಭಾಗ ಅಫೀಮು ವರ್ಗಕ್ಕೆ ಬಲಿಯಾದವರು. ಪೆಟ್ಟು ತಿಂದ ಮೇಲೆ ಲೆಕ್ಕದ ವೇಗವೂ ಹೆಚ್ಚಿತು. ಅಂದಾಜು ಅಂಕಿಗಳು ತಿಂಗಳು ತಿಂಗಳೂ ಹೊರಬರತೊಡಗಿದವು. ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರ ವಿವರ ದಿನಗಳಲ್ಲೇ ಆರೋಗ್ಯ ಇಲಾಖೆ ತಲುಪತೊಡಗಿತು. ಯಾವ ಬಡಾವಣೆಯಲ್ಲಿ ಉಸಿರು ಮರಳಿಸುವ ನಲಾಕ್ಸೋನ್ ಎಂಬ ಪ್ರತಿಮದ್ದು ಹಂಚಬೇಕೆಂದು ತಿಳಿಯಲು ಇದರಿಂದ ಅನುಕೂಲವಾಯಿತು. 2024ರಲ್ಲಿ ಸಾವುಗಳು ಸುಮಾರು 80,000ಕ್ಕೆ ಇಳಿದವು. ಇಳಿದದ್ದು ಏಕೆಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಇಳಿದಿದೆ ಎಂಬುದು ಕೆಲವೇ ತಿಂಗಳಲ್ಲಿ ತಿಳಿದದ್ದು ಮಾತ್ರ ಎಣಿಕೆಯ ಗೆಲುವು.

ನಮ್ಮ ಪುಸ್ತಕದ ಖಾಲಿ ಪುಟ

ಇದೆಲ್ಲ ದೂರದ ದೇಶದ ಮಾತು ಎಂದು ಭಾರತ ನಿರಾಳವಾಗಿರುವಂತಿಲ್ಲ. ಇಂಗ್ಲೆಂಡಿನ ಪಾಕಕ್ಕೆ ಇಲ್ಲೊಂದು ತಂಗಿ ಇದ್ದಳು. 1920ರ ದಶಕದ ಆರಂಭದಲ್ಲಿ ಮುಂಬಯಿಯ ಗಿರಣಿ ಕೆಲಸದ ಹೆಂಗಸರ ಕೂಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅಫೀಮಿನ ‘ಬಾಲಗೋಲಿ’ ತಿನ್ನಿಸಲಾಗುತ್ತಿತ್ತೆಂದು ಅಲ್ಲಿ ಪರಿಶೀಲಿಸಿದ ವೈದ್ಯೆಯೊಬ್ಬರು ವರದಿ ಮಾಡಿದ್ದರು. ಕಾರಣವೂ ಅದೇ. ತಾಯಿ ದುಡಿಮೆಗೆ ಹೋಗಬೇಕು, ಮಗು ಮಲಗಿರಬೇಕು.

ಇನ್ನು ಇತ್ತೀಚಿನ ಲೆಕ್ಕ. ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು ವರ್ಗದ ವಸ್ತುಗಳನ್ನು ಬಳಸುವವರು 2.26 ಕೋಟಿ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪಟ್ಟಿಯಲ್ಲಿ ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಸತ್ತವರು ವರ್ಷಕ್ಕೆ ಕೆಲವು ನೂರು ಮಂದಿ ಮಾತ್ರ. ಕೋಟಿಗಟ್ಟಲೆ ಬಳಕೆದಾರರು, ನೂರುಗಳಲ್ಲಿ ಸಾವು ಎಂದರೆ ಭಾರತೀಯರ ದೇಹ ಗಟ್ಟಿ ಎಂದು ಅರ್ಥವಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆ ಇದ್ದರೂ, 2020ರ ಲೆಕ್ಕದಂತೆ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇಕಡ 22.5 ಮಾತ್ರ. ಉಳಿದವರು ಯಾವುದರಿಂದ ಸತ್ತರೆಂದು ಹೇಳುವ ಕಾಗದವೇ ಇಲ್ಲ. ಇರುವಲ್ಲಿಯೂ ಮನೆಯವರ ಮಾನಕ್ಕೆ ಅಂಜಿ, ಪೊಲೀಸರ ಗೊಡವೆಗೆ ಅಂಜಿ ‘ಹೃದಯಾಘಾತ’ ಎಂದು ಬರೆಸುವುದು ಕಷ್ಟವೇನಲ್ಲ.

ಭಾರತದ ಕಾರ್ಖಾನೆಗಳಿಂದ ಹೊರಟ ಟ್ರಮಡಾಲ್ ಪಶ್ಚಿಮ ಆಫ್ರಿಕದ ಬೀದಿಗಳಲ್ಲಿ ಚಟವಾಗಿ ಹಬ್ಬಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ಆ ಜಾಗಕ್ಕೆ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರಡಾಲ್ ಎಂಬ ಎರಡು ಮದ್ದು ಬೆರೆಸಿದ ಮಾತ್ರೆ ಬಂತು. 2025ರ ಫೆಬ್ರುವರಿಯಲ್ಲಿ ವಿದೇಶಿ ಸುದ್ದಿಸಂಸ್ಥೆಯೊಂದು ಬಯಲಿಗೆಳೆದ ನಂತರ ಅದರ ತಯಾರಿಕೆ ಮತ್ತು ರಫ್ತಿಗೆ ತಡೆ ಬಿತ್ತು. ಎರಡು ಸಲವೂ ಎಚ್ಚರಿಕೆಯ ಗಂಟೆ ಬಾರಿಸಿದ್ದು ಹೊರಗಿನವರು.

ಎಣಿಕೆಯ ಕೊರತೆಗೆ ಇನ್ನೊಂದು ಮುಖವೂ ಉಂಟು. ಕಾಯಿಲೆ ಎಲ್ಲಿದೆ ಎಂದು ತಿಳಿಯದ ಸರ್ಕಾರ ಎಲ್ಲರ ಮೇಲೂ ಒಂದೇ ಬರೆ ಎಳೆಯುತ್ತದೆ. 1985ರ ಮಾದಕ ವಸ್ತುಗಳ ಕಾಯಿದೆ ಬಂದ ಮೇಲೆ, ಪರವಾನಗಿಗಳ ರಗಳೆಗೆ ಬೇಸತ್ತು ಅನೇಕ ಆಸ್ಪತ್ರೆಗಳು ಮಾರ್ಫೀನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಒದ್ದಾಡುವವರಿಗೆ ಬೇರೆ ದಾರಿ ಇರಲಿಲ್ಲ. ಔಷಧಿಗಾಗಿ ಅಫೀಮು ಬೆಳೆಯುವ ದೇಶದಲ್ಲೇ ರೋಗಿಗೆ ಮಾರ್ಫೀನ್ ಸಿಗದಂತಾಗಿತ್ತು. ಈ ತಪ್ಪನ್ನು ತಿದ್ದಲು 2014ರಲ್ಲಿ ಕಾಯಿದೆಗೆ ತಿದ್ದುಪಡಿ ತರಬೇಕಾಯಿತು. ಆ ನೋವಿನ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಗಸಗಸೆಯ ಹಾಲು ಅಮೃತವೂ ಹೌದು, ವಿಷವೂ ಹೌದು. ಯಾರಿಗೆ ಅಮೃತವಾಯಿತು, ಯಾರಿಗೆ ವಿಷವಾಯಿತು ಎಂದು ಬೇರ್ಪಡಿಸಿ ತಿಳಿಯಲು ಕಾಯಿದೆಗಳಿಗಿಂತ ಮೊದಲು ಬೇಕಾದದ್ದು ಸತ್ಯವಾಗಿ ತುಂಬಿದ ಒಂದು ಕಾಗದ. ಇಂಗ್ಲೆಂಡಿನ ನೋಂದಣಿ ಗುಮಾಸ್ತ, ಷಿಕಾಗೋದ ಔಷಧಿ ತಜ್ಞ, ವಾಷಿಂಗ್ಟನ್ ರಾಜ್ಯದ ಇಬ್ಬರು ಅಧಿಕಾರಿಗಳು ಮಾಡಿದ್ದು ಮಹತ್ಸಾಧನೆಯಂತೆ ಕಾಣುವ ಕೆಲಸವಲ್ಲ. ಎದುರಿಗಿದ್ದ ಸಾವಿಗೆ, ಸಂಕಟಕ್ಕೆ ಅದರ ಸರಿಯಾದ ಹೆಸರನ್ನು ಬರೆದರು. ನಮ್ಮ ಊರುಗಳ ಮರಣ ನೋಂದಣಿ ಪುಸ್ತಕದಲ್ಲಿ ‘ಕಾರಣ’ ಎಂಬ ಕಾಲಂ ಇಂದಿಗೂ ಆ ಹೆಸರಿಗಾಗಿ ಕಾದಿದೆ.